ಆಲಿಸುತ್ತ ಬೆಳೆದ ವಿಶ್ವಾಸ: ಹೊನ್ನಾವರ ಕರಾವಳಿಯ ಕಥೋಲಿಕರ ನಾಲ್ಕು ಶತಮಾನಗಳು

ಶರಾವತಿ ಕಡಲು ಸೇರುವಲ್ಲಿ ಹೊನ್ನಾವರ, ಅದರ ಉತ್ತರಕ್ಕೆ ಕುಮಟಾ, ದಕ್ಷಿಣಕ್ಕೆ ಭಟ್ಕಳ. ಈ ಕರಾವಳಿಯಲ್ಲಿ ಕಥೋಲಿಕ ಕ್ರೈಸ್ತರು ನಾಲ್ಕು ಶತಮಾನಗಳಿಗೂ ಮಿಕ್ಕಿ ಬಾಳಿಕೊಂಡು ಬಂದಿದ್ದಾರೆ. ಅವರ ಚರಿತ್ರೆಯನ್ನು ಕೋಟೆ, ಒಪ್ಪಂದ, ಇಗರ್ಜಿಗಳ ಮೂಲಕ ಹೇಳುವುದು ರೂಢಿ. ಅದರೊಳಗೇ ಇನ್ನೊಂದು ಚರಿತ್ರೆಯಿದೆ: ಇಲ್ಲಿಯ ವಿಶ್ವಾಸಿಗಳು ದೇವರ ಮಾತನ್ನು ಯಾರ ಬಾಯಿಂದ ಕೇಳಿದರು, ಯಾವ ಭಾಷೆಯಲ್ಲಿ ಕೇಳಿದರು, ದಿನದ ಯಾವ ಹೊತ್ತನ್ನು ಅದಕ್ಕೆಂದು ಎತ್ತಿಟ್ಟರು ಎಂಬ ಚರಿತ್ರೆ. ಅದರ ಘಟ್ಟಗಳನ್ನು ಒಂದೊಂದಾಗಿ ನೋಡುವುದು ಈ ಲೇಖನದ ಉದ್ದೇಶ. ಹಾಗೆ ನೋಡುತ್ತ ಹೋದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಇಲ್ಲಿ ವಿಶ್ವಾಸ ಬೇರುಬಿಟ್ಟದ್ದು ಇಗರ್ಜಿಯಲ್ಲಾದರೆ, ಅದು ಉಳಿದು ಬೆಳೆದದ್ದು ದೇವರಿಗೆ ಕಿವಿಗೊಡುವ ಅಭ್ಯಾಸವಿದ್ದ ಮನೆಗಳಲ್ಲಿ.

ಮೂಲದಲ್ಲಿ ಇರುವುದೇನು

ದೇವರ ದನಿಗೆ ಕಿವಿಗೊಡುವುದು ಬೈಬಲಿನಷ್ಟೇ ಹಳೆಯ ಸಾಧನೆ. ರಾತ್ರಿ ಮಲಗಿದ್ದ ಬಾಲಕ ಸಮುವೇಲನಿಗೆ ತನ್ನನ್ನು ಕರೆಯುತ್ತಿರುವವರು ಯಾರೆಂದು ಮೊದಲು ತಿಳಿಯಲಿಲ್ಲ; ವೃದ್ಧ ಯಾಜಕ ಏಲಿ ತಿಳಿಸಿಕೊಟ್ಟ ಮೇಲೆ ತಿಳಿಯಿತು. ಬಿರುಗಾಳಿ, ಭೂಕಂಪ, ಬೆಂಕಿಗಳಲ್ಲಿ ಸಿಗದ ದೇವರನ್ನು ಪ್ರವಾದಿ ಎಲೀಯ ಮೆಲುದನಿಯಲ್ಲಿ ಗುರುತಿಸಿದ. ನಡೆದದ್ದನ್ನೆಲ್ಲ ಮಾತೆ ಮರಿಯಮ್ಮ ಮನಸ್ಸಿನಲ್ಲಿಟ್ಟುಕೊಂಡು ಧ್ಯಾನಿಸಿದರೆಂದು ಸಂತ ಲೂಕ ಬರೆದಿದ್ದಾರೆ. ಬಲ್ಲವರ ಮಾರ್ಗದರ್ಶನ ಬೇಕು, ಒಳಗಿನ ಗದ್ದಲ ತಗ್ಗಬೇಕು, ಕೇಳಿದ್ದು ಮಾಗುವವರೆಗೆ ಕಾಯಬೇಕು. ಮುಂದೆ ಧರ್ಮಸಭೆ ಕಲಿಸಿದ್ದೆಲ್ಲ ಈ ಮೂರರ ವಿಸ್ತಾರವೇ.

ಆರನೇ ಶತಮಾನದಲ್ಲಿ ಸಂತ ಬೆನೆದಿಕ್ತರು ತಮ್ಮ ಮಠದ ನಿಯಮಾವಳಿಯನ್ನು ಆಲಿಸುವ ಕರೆಯಿಂದಲೇ ಆರಂಭಿಸಿದರು. ಹನ್ನೆರಡನೇ ಶತಮಾನದ ಸನ್ಯಾಸಿ ಗೀಗೊ ಧರ್ಮಗ್ರಂಥ ಪಠನಕ್ಕೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದರು: ಓದುವುದು, ಮನನ ಮಾಡುವುದು, ಪ್ರಾರ್ಥಿಸುವುದು, ದೇವರ ಸನ್ನಿಧಿಯಲ್ಲಿ ಸುಮ್ಮನಿರುವುದು. ಹದಿನಾರನೇ ಶತಮಾನದಲ್ಲಿ ಲೊಯೋಲದ ಸಂತ ಇಗ್ನಾಸಿಯವರು ಈ ಸಾಧನೆಯನ್ನು ಮಠದ ಗೋಡೆಯಾಚೆ ತಂದು, ದುಡಿಯುವವರ ದಿನಚರಿಗೆ ಹೊಂದಿಸಿದರು. ಅವರ ‘ಆಧ್ಯಾತ್ಮಿಕ ಸಾಧನೆಗಳು’ ಕೃತಿಗೆ ಪೋಪರ ಒಪ್ಪಿಗೆ ಸಿಕ್ಕಿದ್ದು 1548ರಲ್ಲಿ. ಅಷ್ಟರಲ್ಲಾಗಲೇ ಅವರ ಒಡನಾಡಿ ಸಂತ ಫ್ರಾನ್ಸಿಸ್ ಝೇವಿಯರ್ ಗೋವೆಗೆ ಬಂದು ಆರು ವರ್ಷಗಳಾಗಿದ್ದವು.

ಕೇಳಿ ಕಲಿತ ಕಾಲ

ಪೋರ್ಚುಗೀಸರು 1569ರಲ್ಲಿ ಹೊನ್ನಾವರದ ಕೋಟೆಯನ್ನು ಹಿಡಿದರು. 1650ರ ದಶಕದಲ್ಲಿ ಅದು ಕೆಳದಿಯ ಅರಸರ ಪಾಲಾಯಿತು. ಕೋಟೆ ಕೈಬಿಟ್ಟರೂ ಕ್ರೈಸ್ತರು ಊರು ಬಿಡಲಿಲ್ಲ. ಬದಲಿಗೆ, ಗೋವೆಯ ಬರ, ಯುದ್ಧ, ಧಾರ್ಮಿಕ ವಿಚಾರಣೆಯ ಕಿರುಕುಳಗಳಿಂದ ಬೇಸತ್ತ ಕೊಂಕಣಿ ಕುಟುಂಬಗಳು ದಕ್ಷಿಣಕ್ಕೆ ಬರುತ್ತಲೇ ಇದ್ದವು. ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ, 1678ರ ಒಪ್ಪಂದದ ಮೂಲಕ, ಮಿರ್ಜಾನ, ಚಂದಾವರ, ಹೊನ್ನಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಕೆಳದಿ ಸಂಸ್ಥಾನ ಅನುಮತಿ ಕೊಟ್ಟಿತು. ವೀರಶೈವ ಅರಸರ ಈ ಔದಾರ್ಯವನ್ನು ಇಲ್ಲಿಯ ಕ್ರೈಸ್ತರು ಮರೆಯಬಾರದು.

ಆಗಿನ ಬಲಿಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ಜನಸಾಮಾನ್ಯರಿಗೆ ದಕ್ಕುತ್ತಿದ್ದುದು ಬಾಯಿಪಾಠದ ಕೊಂಕಣಿ ಪ್ರಾರ್ಥನೆಗಳು, ಮತ್ತೆ ಹಾಡಿ ಹೇಳಿದ ಕಥೆಗಳು. ಇಂಗ್ಲೆಂಡಿನಿಂದ ಗೋವೆಗೆ ಬಂದ ಯೇಸುಸಭೆಯ ಗುರು ತೋಮಸ್ ಸ್ಟೀವನ್ಸ್ ಇದನ್ನು ಚೆನ್ನಾಗಿ ಅರಿತಿದ್ದರು. ಅವರು ಮರಾಠಿ ಓವಿಗಳಲ್ಲಿ ರಚಿಸಿದ ‘ಕ್ರಿಸ್ತಪುರಾಣ’ 1616ರಲ್ಲಿ ಅಚ್ಚಾಯಿತು. ಕೊಂಕಣಿಯಲ್ಲಿ ಬರೆದ ಧರ್ಮೋಪದೇಶದ ಪುಸ್ತಕ ಅವರು ತೀರಿಕೊಂಡ ಮೇಲೆ, 1622ರಲ್ಲಿ ಹೊರಬಂತು. ಪುರಾಣವನ್ನು ಒಬ್ಬರು ಓದುವುದು, ಉಳಿದವರು ಸುತ್ತ ಕುಳಿತು ಕೇಳುವುದು. ತಾಳಮದ್ದಳೆಗೂ ಯಕ್ಷಗಾನಕ್ಕೂ ರಾತ್ರಿಯಿಡೀ ಕಿವಿಗೊಡುವ ಈ ನಾಡಿನಲ್ಲಿ ಅದು ಯಾರಿಗೂ ಹೊರಗಿನದೆನಿಸುವಂತಿರಲಿಲ್ಲ. ಯೇಸುವಿನ ಕಥೆ ಪುಸ್ತಕದಿಂದಲ್ಲ, ಪಕ್ಕದಲ್ಲಿ ಕುಳಿತವರ ಕಂಠದಿಂದ ಬಂತು. ಇದು ಮೊದಲ ಘಟ್ಟ.

ಸಂತ ಜೋಸೆಫ್ ವಾಜ್ ಕಲಿಸಿದ ಪಾಠ

ಎರಡನೇ ಘಟ್ಟದ ಹೆಸರು ಜೋಸೆಫ್ ವಾಜ್. ಗೋವೆಯ ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿದ ಈ ಗುರುವಿಗೆ, ಗುರುಗಳೇ ಇಲ್ಲದೆ ಸೊರಗುತ್ತಿದ್ದ ಸಿಂಹಳದ ಕಥೋಲಿಕರ ಸುದ್ದಿ ಕಿವಿಗೆ ಬಿದ್ದಾಗ, ದೇವರು ತನ್ನನ್ನು ಅಲ್ಲಿಗೇ ಕರೆಯುತ್ತಿದ್ದಾರೆ ಅನ್ನಿಸಿತು. ಆದರೆ ಗೋವೆಯ ಧರ್ಮಾಧಿಕಾರಿಗಳು 1681ರಲ್ಲಿ ಅವರನ್ನು ಕಳಿಸಿದ್ದು ಈ ಕರಾವಳಿಯನ್ನೊಳಗೊಂಡ ಕೆನರಾಕ್ಕೆ. ತಮ್ಮ ಮನಸ್ಸಿನ ಸೆಳೆತ ಒಂದು ಕಡೆ, ಹಿರಿಯರ ಆದೇಶ ಇನ್ನೊಂದು ಕಡೆ. ವಾಜ್ ಆದೇಶವನ್ನು ಒಪ್ಪಿ ಬಂದರು; ಸೆಳೆತವನ್ನೂ ಅಳಿಸಿಹಾಕಲಿಲ್ಲ.

ಅವರು ಬಂದಾಗ ಕರಾವಳಿಯ ಧರ್ಮಸಭೆ ಒಡೆದ ಮನೆಯಾಗಿತ್ತು. ಗೋವೆಯ ಅಧಿಕಾರಕ್ಕೂ ರೋಮಿನಿಂದ ನೇಮಕಗೊಂಡ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರ ಅಧಿಕಾರಕ್ಕೂ ತಿಕ್ಕಾಟ ನಡೆದಿತ್ತು. ಯಾರಿಂದ ಸಂಸ್ಕಾರ ಪಡೆದರೆ ಸರಿ ಎಂಬುದೇ ಜನರಿಗೆ ತಿಳಿಯುತ್ತಿರಲಿಲ್ಲ. ವಾಜ್ ಎರಡೂ ಕಡೆಯವರಿಗೆ ಕಿವಿಗೊಟ್ಟು, ಜನರ ಆತ್ಮದ ಹಿತಕ್ಕೆ ಕುಂದು ಬರದಂತೆ ದಾರಿ ಹುಡುಕಿದರು. ಕಾಲ್ನಡಿಗೆಯಲ್ಲಿ ಊರೂರು ತಿರುಗಿ ಬಡವರನ್ನೂ ರೋಗಿಗಳನ್ನೂ ಕಂಡರು, ಶಾಲೆಗಳನ್ನು ತೆರೆದರು, ಶ್ರೀಸಾಮಾನ್ಯರ ಭಕ್ತಿಸಂಘಗಳನ್ನು ಕಟ್ಟಿದರು. 1684ರಲ್ಲಿ ಗೋವೆಗೆ ಮರಳಿ, 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಸಿಂಹಳದ ನೆಲ ಮುಟ್ಟಿದರು. ಕ್ಯಾಂಡಿಯಲ್ಲಿ 1711ರಲ್ಲಿ ಕಣ್ಮುಚ್ಚಿದ ಅವರನ್ನು ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು.

ವಾಜ್ ಕೆನರಾದಲ್ಲಿ ಕಳೆದದ್ದು ಮೂರೇ ವರ್ಷ. ಅವರು ಬಿಟ್ಟುಹೋದ ಪಾಠ ಮಾತ್ರ ದೊಡ್ಡದು. ದೇವರ ಕರೆ ಕನಸಿನಲ್ಲೋ ದರ್ಶನದಲ್ಲೋ ಬರಬೇಕೆಂದಿಲ್ಲ, ಯಾರದೋ ಕಷ್ಟದ ಸುದ್ದಿಯಾಗಿ ಬರಬಹುದು. ಅದು ನಿಜವಾಗಿ ದೇವರದೇ ಆಗಿದ್ದರೆ ವಿಧೇಯತೆಯ ಕಾಯುವಿಕೆಯಲ್ಲಿ ಸತ್ತುಹೋಗುವುದಿಲ್ಲ, ಗಟ್ಟಿಯಾಗುತ್ತದೆ.

ಗುರುಗಳಿಲ್ಲದ ಹದಿನೈದು ವರ್ಷ

1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಗುರುಗಳನ್ನು ಹೊರಹಾಕಲಾಯಿತು, ಇಗರ್ಜಿಗಳು ಬಿದ್ದವು. 1799ರಲ್ಲಿ ಬಿಡುಗಡೆಯಾಗುವವರೆಗೆ ಬಹುತೇಕರಿಗೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಉಳಿದದ್ದು ಬಾಯಲ್ಲಿದ್ದ ಜಪ, ನೆನಪಿನಲ್ಲಿದ್ದ ಕಥೆ. ಸೆರೆಯ ದಿನಗಳಲ್ಲಿ ಕ್ರಿಸ್ತಪುರಾಣವೇ ಸಾಂತ್ವನವಾಗಿತ್ತೆಂಬ ಮಾತು ಕರಾವಳಿಯ ಕಥೋಲಿಕರಲ್ಲಿ ತಲೆಮಾರುಗಳಿಂದ ಬಂದಿದೆ. ಅದೇ ಪುರಾಣವನ್ನು 1907ರಲ್ಲಿ ಜೋಸೆಫ್ ಸಲ್ಡಾನಾ ಮಂಗಳೂರಿನಲ್ಲಿ ಮತ್ತೆ ಅಚ್ಚು ಹಾಕಿಸಿದರು.

ಮರಳಿ ಬಂದವರು ಇಗರ್ಜಿಗಳನ್ನು ಹೊಸದಾಗಿ ಎಬ್ಬಿಸಿದರು. ಆದರೆ ಗುರುಗಳ ಕೊರತೆ ತೀರಲು ಬಹುಕಾಲ ಬೇಕಾಯಿತು. ಮನೆಯ ತೇರ್ಸ್ ಗಟ್ಟಿಯಾದದ್ದು ಈ ಕೊರತೆಯಲ್ಲೇ ಎಂದು ನನಗನ್ನಿಸುತ್ತದೆ.

ತೇರ್ಸ್ ಎಂದರೆ ಸಂಜೆಯ ಜಪಸರ. ಇದನ್ನು ಹತ್ತಿರದಿಂದ ನೋಡಬೇಕು. ಕತ್ತಲಾಗುವ ಹೊತ್ತಿಗೆ ಇಗರ್ಜಿಯಲ್ಲಿ ಆಮೊರಿಯ, ಎಂದರೆ ಸಂಜೆಯ ಪ್ರಾರ್ಥನೆಯ, ಗಂಟೆ ಹೊಡೆಯುತ್ತದೆ. ಅಂಗಳದಲ್ಲಿ ಬಲೆ ನೇಯುತ್ತಿದ್ದವರು ಎದ್ದು ನಿಂತು ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಕೈಕಾಲು ತೊಳೆದು ಎಲ್ಲರೂ ಮನೆಯ ಅಲ್ತಾರಿನ ಮುಂದೆ ಸೇರುತ್ತಾರೆ. ಮನೆಯ ಹಿರಿಯ ಹೆಂಗಸು ಮೊದಲ ಅರ್ಧ ಹೇಳಿದರೆ ಉಳಿದವರು ಎರಡನೇ ಅರ್ಧ ಹೇಳುತ್ತಾರೆ. ಯೇಸು, ಮರಿಯಮ್ಮನವರ ಬದುಕಿನ ಒಂದೊಂದು ರಹಸ್ಯ ಆರಂಭವಾಗುವ ಮುನ್ನ ಒಂದು ಬೇಡಿಕೆ: ಕಡಲಿಗೆ ಹೋದವರಿಗೆ, ಹಾಸಿಗೆ ಹಿಡಿದವರಿಗೆ, ಮುಂಬೈಯಲ್ಲೋ ಕೊಲ್ಲಿ ದೇಶದಲ್ಲೋ ದುಡಿಯುತ್ತಿರುವ ಮಗನಿಗೆ. ಐದು ರಹಸ್ಯ, ಐವತ್ತು ‘ನಮೋ ಮರಿಯಾ’. ಮುಗಿದ ಮೇಲೆ ಮಕ್ಕಳು ಕೈಮುಗಿದು ಹಿರಿಯರೊಬ್ಬೊಬ್ಬರ ಬಳಿ ಹೋಗಿ ‘ಬೆಸಾಂವ್’ ಕೇಳುತ್ತಾರೆ, ಹಿರಿಯರು ಹರಸುತ್ತಾರೆ. ಹಗಲಿನಲ್ಲಿ ಜಗಳವಾಡಿದ ಅಣ್ಣತಮ್ಮಂದಿರೂ ಒಂದೇ ಸಾಲಿನಲ್ಲಿ ನಿಂತು ಹರಕೆ ಪಡೆಯಬೇಕು. ಯೇಸುವಿನ ಬದುಕು ಮನೆಯ ಬದುಕಿನೊಡನೆ ದಿನಾ ಕೂಡುತ್ತಿದ್ದುದು ಈ ಅರ್ಧ ಗಂಟೆಯಲ್ಲಿ.

ತಾಯ್ನುಡಿ ಬಲಿಪೀಠಕ್ಕೆ ಬಂತು

ಉತ್ತರ ಕನ್ನಡದ ಕಥೋಲಿಕರು ಬಹುಕಾಲ ಗೋವೆಯ ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದರು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಹುಟ್ಟಿತು. 1976ರಲ್ಲಿ ಅದರಿಂದ ಕಾರವಾರ ಧರ್ಮಪ್ರಾಂತ್ಯ ಬೇರೆಯಾಗಿ, ವಿಲಿಯಂ ಲಿಯೊನಾರ್ಡ್ ಡಿಮೆಲ್ಲೊ ಅದರ ಮೊದಲ ಧರ್ಮಾಧ್ಯಕ್ಷರಾದರು. ಈ ಎರಡು ವರ್ಷಗಳ ನಡುವೆ ಜರುಗಿದ ದೊಡ್ಡ ಬದಲಾವಣೆ ಎರಡನೇ ವ್ಯಾಟಿಕನ್ ಮಹಾಸಭೆ (1962–65).

ಪೂಜೆ ಜನರ ನುಡಿಗೆ ಬಂತು. ದೈವವಾಕ್ಯವನ್ನು ಕುರಿತ 1965ರ ದಾಖಲೆ, ಬೈಬಲನ್ನು ಎಲ್ಲ ವಿಶ್ವಾಸಿಗಳೂ ಕೈಗೆತ್ತಿಕೊಂಡು ಓದಬೇಕು, ಓದಿನ ಜೊತೆಗೆ ಪ್ರಾರ್ಥನೆಯೂ ಇರಬೇಕು ಎಂದು ಬಯಸಿತು. ಮಠಗಳಲ್ಲಿದ್ದ ಗೀಗೊನ ಮೆಟ್ಟಿಲುಗಳು ಹೀಗೆ ಎಲ್ಲರವಾದವು. ಭಾನುವಾರದ ವಾಚನಗಳು ಮೂರು ವರ್ಷಗಳ ಸುತ್ತಿಗೆ ಹಿಗ್ಗಿದವು. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರ ಫಾದರ್ ಡಿ.ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಹೊಸ ತಲೆಮಾರಿನ ಗುರುಗಳನ್ನೂ ಸಿಸ್ಟರುಗಳನ್ನೂ ಉಪದೇಶಕರನ್ನೂ ಸಜ್ಜುಗೊಳಿಸಿತು. ಇಗರ್ಜಿಯಲ್ಲಿ ಊರಿನ ಶಾಲಾಮಾಸ್ತರು, ಗೃಹಿಣಿ, ಕಾಲೇಜು ಹುಡುಗಿ ಮುಂದೆ ನಿಂತು ಪ್ರವಾದಿ ಯೆಶಾಯನ ವಾಚನ ಓದುವುದು ಈಗ ನಮಗೆ ಸಹಜ. ಅವರ ಅಜ್ಜ ಅಜ್ಜಿಯರಿಗೆ ಅದು ಊಹೆಗೂ ನಿಲುಕದ ಮಾತಾಗಿತ್ತು.

ಧ್ಯಾನಕೂಟ ಮತ್ತು ಕಿರು ಸಮುದಾಯ

ಮುಂದಿನ ಘಟ್ಟ ಎರಡು ಕವಲಾಗಿ ಬಂತು. ಒಂದು, 1967ರಲ್ಲಿ ಅಮೆರಿಕದ ಕಥೋಲಿಕರಲ್ಲಿ ಮೊದಲಾಗಿ 1972ರ ಹೊತ್ತಿಗೆ ಮುಂಬೈ ತಲುಪಿದ ವರದಾನಗಳ ನವೀಕರಣ ಚಳವಳಿ. ಕೇರಳದ ಮುರಿಂಗೂರಿನ ಡಿವೈನ್ ಧ್ಯಾನಕೇಂದ್ರಕ್ಕೂ ಮೂಲ್ಕಿಯ ಡಿವೈನ್ ಕಾಲ್ ಸೆಂಟರಿಗೂ ಕರಾವಳಿಯ ಕುಟುಂಬಗಳು ಹೋಗಿಬಂದವು. ಕುಡಿತ ಬಿಟ್ಟವರು, ವರ್ಷಗಳ ಹಗೆ ಮರೆತವರು, ಜೀವನದಲ್ಲಿ ಮೊದಲ ಸಲ ಸ್ವಂತ ಬೈಬಲ್ ಕೊಂಡವರು ಈ ಕೂಟಗಳಿಂದ ಹೊರಟರು. ದೇವರು ನನಗೆ, ನನ್ನ ಹೆಸರು ಹಿಡಿದು ಮಾತನಾಡುತ್ತಾರೆ ಎಂಬ ಧೈರ್ಯ ಅಲ್ಲಿ ಸಿಕ್ಕಿತು. ಅಪಾಯವೂ ಇತ್ತು: ಕಣ್ಣೀರು, ರೋಮಾಂಚನ, ಗುಣವಾದ ಕಾಯಿಲೆಗಳೇ ವಿಶ್ವಾಸದ ಅಳತೆಗೋಲಾಗಿಬಿಡಬಹುದು. ಧ್ಯಾನಕೂಟದಿಂದ ಮನೆಗೆ ಬಂದ ಮೇಲಿನ ಸಾಮಾನ್ಯ ಸೋಮವಾರಗಳಿಗೆ ಬೇರೆ ಆಸರೆ ಬೇಕಿತ್ತು.

ಆ ಆಸರೆಯೇ ಇನ್ನೊಂದು ಕವಲಾದ ಕಿರು ಕ್ರೈಸ್ತ ಸಮುದಾಯ. ನೆರೆಹೊರೆಯ ಹತ್ತಾರು ಮನೆಯವರು ಒಬ್ಬರ ಜಗಲಿಯಲ್ಲಿ ಸೇರಿ ಮುಂದಿನ ಭಾನುವಾರದ ಶುಭಸಂದೇಶ ಓದುತ್ತಾರೆ. ದಕ್ಷಿಣ ಆಫ್ರಿಕದ ಲುಮ್ಕೊ ಸಂಸ್ಥೆ ರೂಪಿಸಿದ ಏಳು ಹೆಜ್ಜೆಗಳು ಇದಕ್ಕೆ ಹೆಚ್ಚಾಗಿ ಬಳಕೆಯಾಗುತ್ತವೆ: ಪ್ರಭುವನ್ನು ಆಹ್ವಾನಿಸುವುದು, ಓದುವುದು, ಮನಸ್ಸಿಗೆ ನಾಟಿದ ಪದವನ್ನು ಮತ್ತೆ ಉಚ್ಚರಿಸುವುದು, ಮೌನವಾಗಿರುವುದು, ಅನುಭವ ಹಂಚಿಕೊಳ್ಳುವುದು, ಮಾಡಬೇಕಾದ ಕೆಲಸ ಗೊತ್ತುಮಾಡುವುದು, ಪ್ರಾರ್ಥಿಸುವುದು. ಇದರಲ್ಲಿ ಆರನೆಯ ಹೆಜ್ಜೆಯೇ ಒರೆಗಲ್ಲು. ಒಳ್ಳೆಯ ಸಮರಿತನ ಕಥೆ ಓದಿದ ಜಗಲಿಯಲ್ಲಿ, ಕೇರಿಯ ಒಂಟಿ ವಿಧವೆಯನ್ನು ಈ ವಾರ ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ ಎಂಬುದು ತೀರ್ಮಾನವಾದರೆ ವಾಕ್ಯವನ್ನು ಕೇಳಿದಂತೆ. ಆಗದಿದ್ದರೆ ಓದಿದಂತೆ ಅಷ್ಟೆ.

ರಾತ್ರಿಯ ಆತ್ಮಶೋಧನೆ

ಒಬ್ಬರೇ ಮಾಡಬಹುದಾದ ಸಾಧನೆಗಳಲ್ಲಿ ಸಂತ ಇಗ್ನಾಸಿಯವರ ಆತ್ಮಶೋಧನೆಗಿಂತ ಸರಳವಾದದ್ದನ್ನು ನಾನು ಕಾಣೆ. ಅದಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಮೀನು ಮಾರಿ ಪೇಟೆಯಿಂದ ಮರಳಿದ ಹೆಂಗಸೊಬ್ಬಳು ಮಲಗುವ ಮುನ್ನ ಅದನ್ನು ಮಾಡಬಲ್ಲಳು. ಮೊದಲು ಕೃತಜ್ಞತೆ: ಬುಟ್ಟಿ ಖಾಲಿಯಾಯಿತು, ಬಸ್ಸಿನಲ್ಲಿ ಯಾರೋ ಜಾಗ ಕೊಟ್ಟರು. ಆಮೇಲೆ ಪವಿತ್ರಾತ್ಮರ ಬೆಳಕಿಗಾಗಿ ಬೇಡಿಕೆ. ಮೂರನೆಯದಾಗಿ ಬೆಳಗಿನಿಂದ ನಡೆದದ್ದರ ಮೇಲೆ ಮನಸ್ಸು ಹಾಯಿಸುವುದು: ಚೌಕಾಸಿಯಲ್ಲಿ ಯಾವ ಮಾತಿಗೆ ಸಿಟ್ಟು ಬಂತು, ನಿನ್ನೆಯ ಮೀನನ್ನು ಇವತ್ತಿನದೆಂದು ಹೇಳುವ ಆಸೆ ಎಲ್ಲಿ ಹುಟ್ಟಿತು, ಪಕ್ಕದ ಮಾರಾಟಗಾರ್ತಿ ಅಳುವಾಗ ಒಳಗಿನಿಂದ ಯಾರು ‘ಹೋಗಿ ಮಾತಾಡಿಸು’ ಎಂದರು. ನಂತರ ತಪ್ಪಿಗೆ ಕ್ಷಮೆ, ಕೊನೆಗೆ ನಾಳೆಗೊಂದು ಸಂಕಲ್ಪ. ದೇವರು ಆ ದಿನ ಎಲ್ಲೆಲ್ಲಿ ಮಾತನಾಡಿದ್ದರು ಎಂಬುದು ಹೀಗೆ ಹಿಂತಿರುಗಿ ನೋಡಿದಾಗ ತಿಳಿಯುತ್ತದೆ.

ಒಳಗೆ ಕೇಳುವ ದನಿಗಳೆಲ್ಲ ದೇವರದಲ್ಲ. ಭಯವೂ ಆಸೆಯೂ ಅಹಂಕಾರವೂ ಮಾತನಾಡುತ್ತವೆ. ಧರ್ಮಸಭೆಯ ಅನುಭವ ಕೆಲವು ಪರೀಕ್ಷೆಗಳನ್ನು ಕೊಟ್ಟಿದೆ. ಕೇಳಿದ್ದು ಧರ್ಮಗ್ರಂಥಕ್ಕೂ ಧರ್ಮಸಭೆಯ ಬೋಧನೆಗೂ ವಿರುದ್ಧವಾಗಿರಬಾರದು. ಅದು ಪ್ರೀತಿಯನ್ನು ಹೆಚ್ಚಿಸಬೇಕು. ಕಷ್ಟದ ದಾರಿಯಾದರೂ ಆಳದಲ್ಲಿ ನೆಮ್ಮದಿ ಕೊಡಬೇಕು. ಪಾಪನಿವೇದನೆಯ ಗುರುವಿನ ಮುಂದೆಯೋ ಬಲ್ಲ ಹಿರಿಯರ ಮುಂದೆಯೋ ಹೇಳಿಕೊಳ್ಳಲು ಹಿಂಜರಿಕೆ ಇರಬಾರದು. ಮನಸ್ಸು ಕಲಕಿ ಕತ್ತಲಾಗಿರುವಾಗ ಹಿಂದೆ ಮಾಡಿದ ಒಳ್ಳೆಯ ನಿರ್ಧಾರವನ್ನು ಬದಲಿಸಬೇಡಿ ಎಂಬುದು ಇಗ್ನಾಸಿಯವರ ಬುದ್ಧಿಮಾತು.

ಈ ಹೊತ್ತಿನ ಸ್ಥಿತಿ

ಪೋಪ್ ಫ್ರಾನ್ಸಿಸ್ 2015ರಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಿರೆಂದರು. ದಡ ಕೊರೆಯುವ ಕಡಲು, ಕಡಿಮೆಯಾಗುವ ಮೀನು, ನದಿಮುಖದ ಅಳಿವು ಉಳಿವುಗಳನ್ನು ನಿತ್ಯ ಕಾಣುವ ನಮ್ಮವರಿಗೆ ಇದು ಮನೆಬಾಗಿಲಿನ ವಿಷಯ. 2019ರಲ್ಲಿ ಅವರು ವರ್ಷಕ್ಕೊಂದು ದೈವವಾಕ್ಯದ ಭಾನುವಾರವನ್ನು ಗೊತ್ತುಮಾಡಿದರು. 2021ರಿಂದ 2024ರವರೆಗೆ ನಡೆದ ಸಿನೊಡ್ ಆಲಿಸುವುದನ್ನೇ ಇಡೀ ಧರ್ಮಸಭೆಯ ನಡೆಯಾಗಿಸಲು ಹೊರಟಿತು: ಒಬ್ಬರು ಮಾತನಾಡುವಾಗ ಉಳಿದವರು ಉತ್ತರ ಹೊಸೆಯದೆ ಕೇಳಬೇಕು, ನಡುನಡುವೆ ಮೌನವಿರಬೇಕು.

ಇದೇ ಹೊತ್ತಿನಲ್ಲಿ ಮನೆಯ ತೇರ್ಸ್ ಸೊರಗುತ್ತಿದೆ. ದುಡಿಮೆಗೆಂದು ಗೋವೆ, ಮುಂಬೈ, ಕೊಲ್ಲಿ ದೇಶಗಳಿಗೆ ಹೋದವರ ಮನೆಗಳಲ್ಲಿ ವೃದ್ಧರಷ್ಟೇ ಇದ್ದಾರೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಅಜ್ಜಿಯ ಕೊಂಕಣಿ ಜಪ ಅರ್ಥವಾಗುವುದಿಲ್ಲ, ಇಗರ್ಜಿಯ ಕನ್ನಡ ಅರ್ಧ ಅರ್ಥವಾಗುತ್ತದೆ. ಸಂಜೆಯ ಅರ್ಧ ಗಂಟೆಯನ್ನು ಮೊಬೈಲು ತಿನ್ನುತ್ತಿದೆ. ಧ್ಯಾನಕೂಟಗಳು ತುಂಬುತ್ತಿರುವಾಗ ಮನೆಯ ಅಲ್ತಾರಿನ ಮುಂದೆ ಜನವಿಲ್ಲದಿದ್ದರೆ, ನಾವು ಬೇರಿಗಿಂತ ಹೂವನ್ನು ಹೆಚ್ಚು ನಂಬಿದಂತಾಗುತ್ತದೆ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ, ಆದರೆ ಬಿಡದೆ ಮಾಡಬೇಕು. ತೇರ್ಸಿನ ಐದು ರಹಸ್ಯಗಳ ನಡುವೆ ಅಂದಿನ ಶುಭಸಂದೇಶದ ನಾಲ್ಕು ಸಾಲುಗಳನ್ನು ಮಕ್ಕಳಿಗೆ ತಿಳಿಯುವ ಮಾತಿನಲ್ಲಿ ಓದಬಹುದು. ಧರ್ಮೋಪದೇಶದ ತರಗತಿಗಳಲ್ಲಿ ಪ್ರಶ್ನೋತ್ತರದ ಜೊತೆಗೆ ರಾತ್ರಿಯ ಆತ್ಮಶೋಧನೆಯನ್ನೂ ಅಭ್ಯಾಸ ಮಾಡಿಸಬಹುದು. ಯಾಂತ್ರಿಕ ಮೀನುಗಾರಿಕೆ ನಿಲ್ಲುವ ಜೂನ್, ಜುಲೈ ತಿಂಗಳುಗಳಲ್ಲಿ ಮೀನುಗಾರ ಕೇರಿಗಳಲ್ಲೇ ಧ್ಯಾನಕೂಟ ನಡೆಸಬಹುದು. ಊರು ಬಿಟ್ಟವರನ್ನು ಅದೇ ಮೊಬೈಲಿನ ಮೂಲಕ ಮನೆಯ ಜಪಕ್ಕೆ ಕೂಡಿಸಿಕೊಳ್ಳಬಹುದು. ಕೋಟೆ ಕೈಬಿಟ್ಟಾಗಲೂ, ಇಗರ್ಜಿ ಬಿದ್ದಾಗಲೂ, ಗುರುಗಳು ದೂರವಾದಾಗಲೂ ಈ ಕರಾವಳಿಯ ವಿಶ್ವಾಸ ಉಳಿದದ್ದು ಮನೆಯೊಳಗೆ ಯಾರೋ ಒಬ್ಬರು ಹೇಳುತ್ತಿದ್ದರು, ಉಳಿದವರು ಕೇಳುತ್ತಿದ್ದರು ಎಂಬ ಕಾರಣಕ್ಕೆ. ಇಂದು ನಮ್ಮ ಬಳಿ ಇಗರ್ಜಿಯಿದೆ, ಗುರುಗಳಿದ್ದಾರೆ, ಬೈಬಲಿದೆ. ಕೇಳುವ ಮನೆಯನ್ನು ಕಟ್ಟಿಕೊಳ್ಳುವ ಹೊಣೆ ನಮ್ಮದು.