ವಿಘ್ನಸಂತೆಯ ಲಕ್ಷ್ಮೀನರಸಿಂಹ

ಹಿರಣ್ಯಕಶಿಪುವಿನ ವಧೆ ಹೊಯ್ಸಳ ಶಿಲ್ಪಿಗಳಿಗೆ ಪ್ರಿಯವಾದ ವಸ್ತು. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ದೇವಾಲಯದ ಹೊರಗೋಡೆಯಲ್ಲಿ ಬಹುಭುಜನಾದ ನರಸಿಂಹನು ದೈತ್ಯನನ್ನು ತೊಡೆಯ ಮೇಲೆ ಕೆಡವಿ ಉದರವನ್ನು ಬಗೆದು ಕರುಳನ್ನು ಸೆಳೆಯುತ್ತಿರುವನು. ನೆಲದ ಮೇಲಾಗಲಿ ಆಕಾಶದಲ್ಲಾಗಲಿ, ಆಯುಧದಿಂದಾಗಲಿ ತನಗೆ ಮರಣ ಕೂಡದೆಂಬುದು ದೈತ್ಯನು ಪಡೆದ ವರ. ತೊಡೆಯೂ ಉಗುರೂ ಶಿಲ್ಪದಲ್ಲಿ ಪ್ರಧಾನವಾಗಿರುವುದು ಈ ಕಾರಣದಿಂದ.

ತಿಪಟೂರು ತಾಲ್ಲೂಕಿನ ತೆಂಗಿನ ಸೀಮೆಯಲ್ಲಿರುವ ವಿಘ್ನಸಂತೆಯ ತ್ರಿಕೂಟ ದೇವಾಲಯವನ್ನು ಇದರೊಡನೆ ಹೋಲಿಸಿ ನೋಡಬೇಕು. ಮೂರನೆಯ ನರಸಿಂಹನ ಆಳ್ವಿಕೆಯಲ್ಲಿ, 1286ರಲ್ಲಿ, ಅಪ್ಪಯ್ಯ, ಗೋಪಾಲ, ಮಾಧವರೆಂಬ ದಂಡನಾಯಕರು ಇದನ್ನು ಕಟ್ಟಿಸಿದರು. ಇಲ್ಲಿ ಪೂಜೆಗೊಳ್ಳುವವನು ಲಕ್ಷ್ಮೀನರಸಿಂಹ. ಮುಖ ಅದೇ ಸಿಂಹದ್ದು; ಆದರೆ ದೈತ್ಯನು ಸತ್ತ ತೊಡೆಯ ಮೇಲೆ ಈಗ ಲಕ್ಷ್ಮಿ ಕುಳಿತಿರುವಳು.

ನೆರೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿಯೂ 1246ರಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿಸಿದವನು ಬೊಮ್ಮಣ್ಣನೆಂಬ ದಂಡನಾಯಕನೇ. ವಿಘ್ನಸಂತೆಯ ಕಾಲಕ್ಕಾದರೋ ರಾಜ್ಯವು ನರಸಿಂಹನಿಗೂ ಅವನ ಸಹೋದರ ರಾಮನಾಥನಿಗೂ ಹಂಚಿಹೋಗಿ ಅವರೊಳಗೆ ಯುದ್ಧಗಳು ನಡೆದಿದ್ದವು. ಕಾಳಗವನ್ನೇ ವೃತ್ತಿಯಾಗಿ ಉಳ್ಳವರು ಗರ್ಭಗುಡಿಗೆ ಆರಿಸಿಕೊಂಡುದು ಸಂಹಾರವನ್ನಲ್ಲ, ಸಂಹಾರಾನಂತರದ ಶಾಂತಿಯನ್ನು. ಅರಸನ ಹೆಸರೂ ದೇವರ ಹೆಸರೂ ಒಂದೇ ಆಗಿದ್ದುದು ಈ ಆಯ್ಕೆಗೆ ಪೋಷಕವಾಗಿದ್ದಿರಬಹುದು.

ರೌದ್ರಶಿಲ್ಪವನ್ನು ಬಿಡಿಯಾಗಿ ನೋಡಿ, ಅದರಲ್ಲಿ ಕ್ಷಾತ್ರದ ಉತ್ಸಾಹವನ್ನು ಮಾತ್ರ ಗುರುತಿಸುವುದು ಹಲವರ ವಾಡಿಕೆ. ಗೋಡೆಯ ಸಂಹಾರಮೂರ್ತಿಯನ್ನು ಗರ್ಭಗುಡಿಯ ಶಾಂತಮೂರ್ತಿಯೊಡನೆ ಸೇರಿಸಿ ಓದಿದಲ್ಲದೆ ಹೊಯ್ಸಳರ ನರಸಿಂಹನು ಪೂರ್ಣನಾಗನೆಂಬುದು ನಮ್ಮ ಅಭಿಪ್ರಾಯ.