ಫೈಲ್ ಕಳಿಸೋದು ಸುಲಭ, ಆಮೇಲಿನ ಹೊಣೆ ಯಾರದು?

ತ್ಯಾಗರಾಜನಗರದ ಒಂದು ಜೆರಾಕ್ಸ್ ಅಂಗಡಿಗೆ ಬಾಡಿಗೆ ಕರಾರಿನ ಪ್ರಿಂಟ್ ತೆಗೆಸೋಕೆ ಹೋಗಿದ್ದೆ. 'ಈ ನಂಬರಿಗೆ ವಾಟ್ಸಾಪ್ ಮಾಡಿ' ಅಂದರು, ಮಾಡಿದೆ. ನನ್ನ ಫೈಲ್ ಹುಡುಕುವಾಗ ಪರದೆಯ ಮೇಲೆ ಯಾರದೋ ಆಧಾರ್, ಇನ್ಯಾರದೋ ಸಂಬಳದ ಚೀಟಿ, ಮತ್ಯಾರದೋ ಸ್ಕ್ಯಾನಿಂಗ್ ರಿಪೋರ್ಟು ಸಾಲಾಗಿ ಕಂಡವು. ಅಂಗಡಿಯವರು ಕೆಟ್ಟವರಲ್ಲ. ಕೆಲಸ ಮುಗಿದ ಮೇಲೆ ಅಳಿಸಬೇಕು ಅಂತ ಅವರಿಗೆ ಯಾರೂ ಹೇಳಿಲ್ಲ, ಅಷ್ಟೆ.

ವಾಟ್ಸಾಪ್ 2016ರಿಂದ ಸಂದೇಶಗಳನ್ನು ಎಂಡ್ ಟು ಎಂಡ್ ಗೂಢಲಿಪಿಯಲ್ಲಿ ಸಾಗಿಸುತ್ತಿದೆ. ಅಂದರೆ ದಾರಿಯಲ್ಲಿ ಫೈಲ್ ಭದ್ರ. ತಲುಪಿದ ಮೇಲೆ? ಆಡಿಟರ್, ವಕೀಲರು, ಲ್ಯಾಬ್, ಪ್ರಿಂಟಿಂಗ್ ಪ್ರೆಸ್ ಎಲ್ಲರೂ ಉತ್ತರಿಸಬೇಕಾದ ಪ್ರಶ್ನೆ ಇದು. ಅವರ ಮುಂದಿರುವ ದಾರಿಗಳು ಇವು.

ಎಫ್‌ಟಿಪಿ: ಇದರ ಮೊದಲ ಕರಡನ್ನು 1971ರಲ್ಲಿ ಬರೆದವರು ಐಐಟಿ ಕಾನ್ಪುರದಲ್ಲಿ ಓದಿದ ಅಭಯ್ ಭೂಷಣ್. ಇದು ಅಂಚೆ ಕಾರ್ಡ್ ಇದ್ದಂತೆ, ಪಾಸ್‌ವರ್ಡ್ ಕೂಡ ಬಯಲಲ್ಲೇ ಹೋಗುತ್ತೆ. ಗ್ರಾಹಕರ ದಾಖಲೆಗೆ ಬೇಡವೇ ಬೇಡ.

ಎಸ್‌ಎಫ್‌ಟಿಪಿ: ಹೆಸರು ಹತ್ತಿರವಿದ್ದರೂ ಇದು ಬೇರೆಯೇ ವ್ಯವಸ್ಥೆ. ಎಸ್‌ಎಸ್‌ಎಚ್ ಮೇಲೆ ನಡೆಯುತ್ತೆ, ಪಾಸ್‌ವರ್ಡ್ ಬದಲು 'ಕೀ' ಬಳಸಬಹುದು. ಓಪನ್‌ಎಸ್‌ಎಸ್‌ಎಚ್, ವಿನ್‌ಎಸ್‌ಸಿಪಿ ಎರಡೂ ಉಚಿತ. ದಿನವೂ ಅದೇ ಕಚೇರಿಗೆ ಫೈಲ್ ಕಳಿಸುವವರಿಗೆ ಇದು ಸಾಕು.

ಲಿಂಕ್ ಸೇವೆಗಳು: ಗೂಗಲ್ ಡ್ರೈವ್, ಒನ್‌ಡ್ರೈವ್ ಇತ್ಯಾದಿ. 'ಲಿಂಕ್ ಇರುವ ಯಾರಾದರೂ ನೋಡಬಹುದು' ಅಂತ ಬಿಟ್ಟರೆ ಬೀಗ ಹಾಕದ ಬೀರುವೇ ಸರಿ. 2020ರ ಮೇನಲ್ಲಿ ದೂರಸಂಪರ್ಕ ಇಲಾಖೆ ವಿಟ್ರಾನ್ಸ್‌ಫರ್ ತಾಣವನ್ನು ತಡೆದಾಗ ಅದನ್ನೇ ನೆಚ್ಚಿದ್ದವರ ಕೆಲಸ ನಿಂತಿತು. ಒಂದೇ ಸೇವೆಗೆ ಜೋತು ಬೀಳಬಾರದು. ನೆಕ್ಸ್ಟ್‌ಕ್ಲೌಡ್ ಮುಕ್ತ ತಂತ್ರಾಂಶ, ನಮ್ಮದೇ ಸರ್ವರಿನಲ್ಲಿ ಇಟ್ಟುಕೊಳ್ಳಬಹುದು.

ಎಂಎಫ್‌ಟಿ: ಯಾರು, ಯಾವಾಗ, ಏನು ಕಳಿಸಿದರು ಅನ್ನೋ ಲೆಕ್ಕ ಇಡುವ ದೊಡ್ಡ ವ್ಯವಸ್ಥೆ. ದುಬಾರಿ ಅಂದಮಾತ್ರಕ್ಕೆ ಅಭೇದ್ಯವಲ್ಲ. 2023ರ ಮೇನಲ್ಲಿ 'ಕ್ಲಾಪ್' ಗುಂಪು ಮೂವಿಟ್ ತಂತ್ರಾಂಶದ ಒಂದು ದೋಷ ಹಿಡಿದು ಸಾವಿರಾರು ಸಂಸ್ಥೆಗಳ ಮಾಹಿತಿ ಕದ್ದಿತು. ಬಿಬಿಸಿ ನೌಕರರ ವಿವರ ಸೋರಿದ್ದು ಬಿಬಿಸಿಯಿಂದಲ್ಲ, ಸಂಬಳದ ಲೆಕ್ಕ ನೋಡುತ್ತಿದ್ದ ಕಂಪನಿಯಿಂದ. ನಾವು ಕೊಟ್ಟವರು ಮುಂದೆ ಯಾರಿಗೆ ಕೊಡುತ್ತಾರೆ ಅನ್ನೋದೂ ನಮ್ಮ ಪ್ರಶ್ನೆಯಾಗಬೇಕು.

ಇದು ಬರೀ ತಂತ್ರಜ್ಞಾನದ ಮಾತಲ್ಲ, ಹಕ್ಕಿನ ಮಾತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ಸೂಕ್ತ ಭದ್ರತೆ ಒದಗಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಸರ್ಟ್-ಇನ್‌ನ 2022ರ ನಿರ್ದೇಶನದಂತೆ ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್ ಇಟ್ಟಿರಬೇಕು. ಆದರೆ ಅದೇ ಕಾಯ್ದೆ ಸರ್ಕಾರಕ್ಕೆ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ಅಧಿಕಾರವನ್ನೂ ಕೊಟ್ಟಿದೆ. ಜೆರಾಕ್ಸ್ ಅಂಗಡಿಗೆ ಒಂದು ನ್ಯಾಯ, ಸರ್ಕಾರಕ್ಕೆ ಇನ್ನೊಂದಾ? ಈ ಪ್ರಶ್ನೆ ಬಿಡುವಂತಿಲ್ಲ.

ಅಲ್ಲಿಯವರೆಗೆ ಕೈಲಾಗುವುದನ್ನು ಮಾಡೋಣ. ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾದಲ್ಲಿ ಅದನ್ನೇ ಕೊಡಿ. ಫೈಲಿಗೆ ಪಾಸ್‌ವರ್ಡ್ ಹಾಕಿ, ಪಾಸ್‌ವರ್ಡನ್ನು ಅದೇ ಮೇಲಿನಲ್ಲಿ ಬರೆಯದೆ ಫೋನಿನಲ್ಲಿ ಹೇಳಿ. ಲಿಂಕಿಗೆ ಗಡುವು ಹಾಕಿ. 'ಎಷ್ಟು ದಿನ ಇಟ್ಕೋತೀರಿ?' ಅಂತ ಕೇಳಿ.

ನಾನೂ ಅವತ್ತು ಕೇಳಿದೆ. 'ಡಿಲೀಟ್ ಮಾಡಿದೆ ಸರ್' ಅಂದರು. ರೀಸೈಕಲ್ ಬಿನ್ ತೆರೆಸಿದೆ. ನನ್ನ ಕರಾರು ಅಲ್ಲೇ ಇತ್ತು, ಜೊತೆಗೆ ಇನ್ನೂ ಎಷ್ಟೋ ಜನರದ್ದು. ಇಬ್ಬರೂ ಸೇರಿ ಖಾಲಿ ಮಾಡಿದೆವು.