ಒಂಬತ್ತು ಮೈಲಿಯ ದಾರಿ

ಶಾಮನೂರು ಈಗ ದಾವಣಗೆರೆ ನಗರದೊಳಗೆ ಬೆರೆತುಹೋಗಿದೆ. ನನ್ನ ಬಾಲ್ಯದಲ್ಲಿ ಅದು ಹೊಲಗಳ ನಡುವಣ ಹಳ್ಳಿ. ಅಲ್ಲಿಂದ ಪೇಟೆಗೆ ಬಂದು, ಪೂನಾ–ಬೆಂಗಳೂರು ರಸ್ತೆ ಹಿಡಿದು, ಬಾತಿಯ ಕೆರೆಯ ಬಳಿ ಹಾದರೆ ಹರಿಹರದ ಹೊಳೆ. ದಾವಣಗೆರೆಯಿಂದ ಅಲ್ಲಿಗೆ ಒಂಬತ್ತು ಮೈಲಿ. ಈಗಿನ ಲೆಕ್ಕದಲ್ಲಿ ಸುಮಾರು 14 ಕಿಲೋಮೀಟರು. ಇಷ್ಟು ಗಿಡ್ಡ ದಾರಿಗೂ ಒಂದು ಚರಿತ್ರೆಯೇ ಎಂದು ಓದುಗರು ನಕ್ಕಾರು. ಈ ದಾರಿಯ ಹಿರಿಮೆ ಉದ್ದದಲ್ಲಿಲ್ಲ. ಅದು ಮುಟ್ಟಿಸುವ ದಡದಲ್ಲಿದೆ.

ದಾರಿಯ ಒಂದು ತುದಿ ದೇವರ ಊರು, ಇನ್ನೊಂದು ವರ್ತಕರ ಊರು. ಹರಿಹರದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸಿದನು. ಶಿವ ಕೇಶವರಿಬ್ಬರೂ ಅಲ್ಲಿ ಒಂದೇ ಮೂರ್ತಿ. ದಾವಣಗೆರೆಯನ್ನು ಹೈದರಾಲಿಯು ಅಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನು ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದ ಮೇಲೆ ಆ ಊರು ಪೇಟೆಯಾಗಿ ಬೆಳೆಯಿತು.

ಪೇಟೆ ಬೆಳೆದರೇನು? ಮಳೆಗಾಲದಲ್ಲಿ ತುಂಗಭದ್ರೆ ತುಂಬಿದರೆ ಗಾಡಿಗಳು ಈಚೆ ದಡದಲ್ಲೇ ನಿಲ್ಲಬೇಕು, ಹರಿಗೋಲೇ ಗತಿ. ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಾಗ, 1868ರಲ್ಲಿ, ಆ ತೊಂದರೆ ತೀರಿತು. ತಲಾ 60 ಅಡಿಯ 14 ಕಮಾನುಗಳ ಸೇತುವೆ ಎದ್ದಿತು. ಅದಕ್ಕೆ ತಗುಲಿದ ವೆಚ್ಚ ಮೂರು ಲಕ್ಷ ರೂಪಾಯಿಗೂ ಮಿಕ್ಕಿ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿ ಅದರ ಮೇಲೆ ಹಾಯಿತು.

ಆದರೆ ಹೊಳೆಯಾಚೆಯ ಕುಮಾರಪಟ್ಟಣ ರಾಣೆಬೆನ್ನೂರು ತಾಲ್ಲೂಕಿನದು. ಆ ಸೀಮೆ ಮುಂಬಯಿಗೆ ಸೇರಿದ್ದು. ಸೇತುವೆ ಎರಡು ದಡಗಳನ್ನು ಕೂಡಿಸಿತು. ಸರ್ಕಾರಗಳು ಮಾತ್ರ ಎರಡಾಗಿಯೇ ಉಳಿದವು.

ನಮ್ಮ ಅಜ್ಜಿಯ ತವರು ಹೊಳೆಯಾಚೆ. ಜಾತ್ರೆಗೆ ಕಮಾನುಗಾಡಿ ಕಟ್ಟಿ ಹೊರಟರೆ, ಸೇತುವೆಯ ಮೇಲೆ ಅಪ್ಪ, “ಇಲ್ಲಿಗೆ ಮೈಸೂರು ಮುಗೀತು ನೋಡಪ್ಪ” ಎನ್ನುವರು. ನಾನು ಕತ್ತು ಚಾಚಿ ಗಡಿಯ ಗೆರೆಯನ್ನು ಹುಡುಕುತ್ತಿದ್ದೆ. ಕಾಣುತ್ತಿದ್ದುದು ನೀರು ಮಾತ್ರ. ಆಚೆಗೂ ಅದೇ ಕರಿಮಣ್ಣು, ಅದೇ ಜೋಳದ ರೊಟ್ಟಿ, ಅದೇ ಕನ್ನಡ. “ಹಂಗಾದ್ರೆ ಅಜ್ಜಿ ಬೇರೆ ದೇಶದವಳಾ?” ಎಂದು ಒಮ್ಮೆ ಕೇಳಿದೆ. ಅಜ್ಜಿ ನಕ್ಕಳು, ಅಪ್ಪ ಉತ್ತರ ಕೊಡಲಿಲ್ಲ.

1956ರ ನವೆಂಬರ್ 1ರಂದು ಎರಡು ದಡಗಳೂ ಒಂದೇ ರಾಜ್ಯವಾದವು. ಮುಂದಿನ ಜಾತ್ರೆಗೆ ಅದೇ ಗಾಡಿಯಲ್ಲಿ ಹೋದೆವು. ಸೇತುವೆ ಬಂತು; ಅಪ್ಪ ಎಂದಿನ ಮಾತನ್ನು ಆಡಲಿಲ್ಲ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಏಕೆಂದು ಕೇಳುವ ವಯಸ್ಸು ನನ್ನದಾಗಿರಲಿಲ್ಲ.

ಈಗ ರಾಷ್ಟ್ರೀಯ ಹೆದ್ದಾರಿ ಎರಡೂ ಊರುಗಳ ಹೊರಗೆ ಸುತ್ತಿಕೊಂಡು ಹೋಗುತ್ತದೆ. ದೂರದ ಲಾರಿಗಳಿಗೆ ನಮ್ಮ ಹಳೆಯ ದಾರಿಯ ಹಂಗಿಲ್ಲ. ಅದು ಮತ್ತೆ ಸಂತೆಯವರ, ಶಾಲೆಯ ಮಕ್ಕಳ, ನೆಂಟರಿಷ್ಟರ ದಾರಿಯಾಗಿದೆ. ಇದನ್ನು ಅವನತಿಯೆಂದು ಹಲವರು ಮರುಗುವರು. ನನಗೆ ಹಾಗೆನಿಸದು. ರಾಜ್ಯ ಒಂದಾಗುವ 88 ವರ್ಷ ಮೊದಲೇ ಈ ಸೇತುವೆ ಜನರನ್ನು ಕೂಡಿಸಿತ್ತು. ನಕ್ಷೆ ಬರೆಯುವವರು ತಡವಾಗಿ ಕಂಡದ್ದನ್ನು ಗಾಡಿಯ ಎತ್ತುಗಳು ಎಂದೋ ಅರಿತಿದ್ದವು.